ಸ್ವನಿರ್ಮಿತ ಯಂತ್ರಕ್ಕೂ ಲೆಕ್ಕ ಬೇಕು

ಸಣ್ಣ ಉತ್ಪಾದಕನು ತನ್ನ ಕೈಯಾರೆ ಕಟ್ಟಿಕೊಂಡ ಯಂತ್ರವು ಕಾರ್ಯಾಗಾರದಲ್ಲಿ ಹಗಲಿರುಳು ದುಡಿಯುತ್ತದೆ. ಲೆಕ್ಕಪುಸ್ತಕದಲ್ಲಿ ಮಾತ್ರ ಅದಕ್ಕೆ ಒಂದು ಸಾಲೂ ಇರುವುದಿಲ್ಲ. ಖರೀದಿಯ ಬಿಲ್ಲು ಇಲ್ಲದ್ದರಿಂದ ಯಂತ್ರಕ್ಕೆ ಬೆಲೆಯೂ ಇಲ್ಲವೆಂಬ ಭಾವನೆ ಅನೇಕರಲ್ಲಿದೆ. ಈ ಭಾವನೆ ಎಷ್ಟು ದುಬಾರಿಯಾದುದು ಎಂಬುದನ್ನು ಅರಿಯಲು ಅಮೆರಿಕದ ಒಂದು ಪುಟ್ಟ ಗೃಹೋದ್ಯಮದ ಉದಾಹರಣೆ ಸಾಕು.

ಗಾಳಕ್ಕೆ ಕಟ್ಟುವ ಕೃತಕ ಮೀನುಗಳನ್ನು ಮರದಲ್ಲಿ ಕೆತ್ತಿ, ಬಣ್ಣ ಬಳಿದು ಮಾರುವವರು ಅಲ್ಲಿ ಹಲವರಿದ್ದಾರೆ. ಈ ಕಸುಬಿನಿಂದ ದೊಡ್ಡ ಉದ್ದಿಮೆ ಬೆಳೆದದ್ದೂ ಉಂಟು. ಫಿನ್ಲೆಂಡಿನ ಲೌರಿ ರಾಪಾಲ 1936ರಲ್ಲಿ ಬೆಂಡಿನಿಂದ ಕೆತ್ತಿ, ಚಾಕೊಲೇಟಿನ ಹೊಳೆಯುವ ಹಾಳೆಯನ್ನು ಹೊದಿಸಿ ಮಾಡಿದ ಕೃತಕ ಮೀನಿನಿಂದಲೇ ಅವನ ಹೆಸರಿನ ಸಂಸ್ಥೆ ಹುಟ್ಟಿತು. ರಾಪಾಲ ಫೋಟೋ ಫಿಲ್ಮನ್ನು ಕರಗಿಸಿ ಮೇಲ್ಲೇಪ ಮಾಡಿದ್ದನು. ಇಂದಿನ ಗೃಹೋದ್ಯಮಿಗಳು ಎರಡು ದ್ರವಗಳನ್ನು ಬೆರೆಸುವ ಎಪಾಕ್ಸಿಯನ್ನು ಬಳಸುತ್ತಾರೆ.

ಎಪಾಕ್ಸಿ ಗಟ್ಟಿಯಾಗಲು ಗಂಟೆಗಟ್ಟಲೆ ಕಾಲ ಬೇಕು. ಅಷ್ಟರಲ್ಲಿ ಲೇಪವು ಜಾರಿ ಮೀನಿನ ಹೊಟ್ಟೆಯಡಿ ಹನಿಗಟ್ಟುತ್ತದೆ, ಬೆನ್ನು ತೆಳುವಾಗುತ್ತದೆ. ಇದಕ್ಕೆ ಪರಿಹಾರವೇ ಒಣಗಿಸುವ ತಿರುಗಣೆ. ಹಳೆಯ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು, ಮರದ ಚೌಕಟ್ಟು, ಒಂದು ದಂಡಕ್ಕೆ ಸಿಕ್ಕಿಸಿದ ಎರಡು ಬಿಲ್ಲೆಗಳು, ಮೀನುಗಳನ್ನು ಹಿಡಿಯುವ ಕ್ಲಿಪ್ಪುಗಳು: ಇಷ್ಟೇ ಅದರ ಸಾಮಗ್ರಿ. ನಿಮಿಷಕ್ಕೆ ಕೆಲವೇ ಸುತ್ತು ಸಾಕು. ಮೋಟಾರು ಎಳೆಯುವ ವಿದ್ಯುತ್ತು 3–4 ವಾಟ್ ಮಾತ್ರ. ಎದುರುಬದಿಗಳಲ್ಲಿ ಸಮತೂಕದ ಮೀನುಗಳನ್ನು ಸಿಕ್ಕಿಸಬೇಕು. ಇಲ್ಲವಾದರೆ ಈ ಬಗೆಯ ಮೋಟಾರು ತಡವರಿಸುತ್ತದೆ, ಕೆಲವೊಮ್ಮೆ ಹಿಮ್ಮುಖವಾಗಿಯೂ ತಿರುಗುತ್ತದೆ.

ಇನ್ನು ಲೆಕ್ಕ. ಓದುಗರ ಅನುಕೂಲಕ್ಕಾಗಿ ರೂಪಾಯಿಗಳಲ್ಲಿ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಸಾಮಗ್ರಿಗೆ ರೂ. 3,000, ಮಾಲೀಕನ ಎರಡು ದಿನಗಳ ದುಡಿಮೆಗೆ ರೂ. 2,000, ಒಟ್ಟು ರೂ. 5,000. ತಿರುಗಣೆಯಿಲ್ಲದಾಗ ನೂರಕ್ಕೆ 10 ನಗಗಳು ಕೆಡುತ್ತಿದ್ದವು, ಈಗ 2 ಕೆಡುತ್ತವೆ ಎಂದುಕೊಳ್ಳೋಣ. ನಗವೊಂದಕ್ಕೆ ರೂ. 150 ವೆಚ್ಚವಾದರೆ, ನೂರು ನಗಗಳಿಗೆ ಉಳಿತಾಯ ರೂ. 1,200. ಹೆಚ್ಚುಕಡಿಮೆ 420 ನಗಗಳಾಗುವಷ್ಟರಲ್ಲಿ ಯಂತ್ರದ ಬೆಲೆ ಹಿಂದಿರುಗುತ್ತದೆ. ಈ ಲೆಕ್ಕವನ್ನು ಬರೆಯದವನಿಗೆ ತನ್ನ ಲಾಭ ಮರದಿಂದ ಬಂದಿತೋ, ಬಣ್ಣದಿಂದ ಬಂದಿತೋ, ತಿರುಗಣೆಯಿಂದ ಬಂದಿತೋ ತಿಳಿಯದು. ಮುಂದಿನ ಹಣವನ್ನು ಎಲ್ಲಿ ಹೂಡಬೇಕೆಂಬುದೂ ತಿಳಿಯದು.

ಇಲ್ಲಿ ಎರಡು ಲೆಕ್ಕಗಳನ್ನು ಬೇರ್ಪಡಿಸುವುದು ಅಗತ್ಯ. ಭಾರತದ ಲೆಕ್ಕಪತ್ರ ಮಾನಕ 10ರ ಪ್ರಕಾರ ಸ್ವಯಂ ನಿರ್ಮಿತ ಆಸ್ತಿಯ ವೆಚ್ಚವನ್ನು ಖರೀದಿಸಿದ ಆಸ್ತಿಯ ತತ್ತ್ವದಂತೆಯೇ ನಿರ್ಧರಿಸಬೇಕು. ಆಂತರಿಕ ಲಾಭವನ್ನಾಗಲಿ, ಅಸಹಜ ಪೋಲನ್ನಾಗಲಿ ಸೇರಿಸುವಂತಿಲ್ಲ. ಆದುದರಿಂದ ಏಕಮಾಲೀಕ ಸಂಸ್ಥೆಯ ಪುಸ್ತಕಕ್ಕೆ ಬರುವುದು ಹಣ ತೆತ್ತ ರೂ. 3,000 ಮಾತ್ರ. ಮಾಲೀಕನು ತನ್ನ ದುಡಿಮೆಗೆ ಕಟ್ಟಿಕೊಂಡ ಬೆಲೆ ಅಲ್ಲಿಗೆ ಸಲ್ಲದು. ಆದರೆ ಮಾರಾಟದ ಬೆಲೆ ನಿರ್ಧರಿಸುವ ವೆಚ್ಚಪಟ್ಟಿಯಲ್ಲಿ ಆ ರೂ. 2,000 ಇರಲೇಬೇಕು. ಅದನ್ನು ಕೈಬಿಟ್ಟವನು ತನ್ನ ಶ್ರಮವನ್ನು ಗಿರಾಕಿಗೆ ಉಚಿತವಾಗಿ ಕೊಟ್ಟಂತೆ. ನಾಳೆ ಅದೇ ಕೆಲಸಕ್ಕೆ ಸಂಬಳದ ಆಳನ್ನು ಇಟ್ಟಾಗ ಅವನ ಬೆಲೆ ನಿಲ್ಲುವುದಿಲ್ಲ.

ತೆರಿಗೆಯೂ ಇದೇ ಪಾಠವನ್ನು ಹೇಳುತ್ತದೆ. ಅಮೆರಿಕದಲ್ಲಿ 1950ರ ಡಿಂಗೆಲ್–ಜಾನ್ಸನ್ ಕಾಯಿದೆಯು ಮೀನುಗಾರಿಕೆ ಸಲಕರಣೆಗಳ ತೆರಿಗೆಯನ್ನು ಮೀನುಸಂಪತ್ತಿನ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. ಕೃತಕ ಮೀನುಗಳ ಮೇಲೆ ಅಲ್ಲಿ ಶೇ. 10ರ ಅಬಕಾರಿ ತೆರಿಗೆಯಿದೆ. ಅದರ ಹೊಣೆ ತಯಾರಕನದು. ಮನೆಯ ಮೂಲೆಯಲ್ಲಿ ಕೆತ್ತಿ ಮಾರುವವನೂ ಕಾನೂನಿನ ಕಣ್ಣಿಗೆ ತಯಾರಕನೇ. ಹವ್ಯಾಸವೆಂದು ಲೆಕ್ಕ ಬರೆಯದವನು ತೆರಿಗೆಯನ್ನು ಬೆಲೆಯಲ್ಲಿ ಸೇರಿಸಿರುವುದಿಲ್ಲ. ಕೊನೆಗೆ ಅದನ್ನು ತನ್ನ ಲಾಭದಿಂದಲೇ ತೆರಬೇಕಾಗುತ್ತದೆ.

ಕರ್ನಾಟಕದ ಸಣ್ಣ ಕಾರ್ಖಾನೆಗಳಲ್ಲಿಯೂ ಮಾಲೀಕರೇ ರೂಪಿಸಿದ ಜಿಗ್ಗುಗಳು, ಹಿಡಿಕೆಗಳು, ಒಣಗಿಸುವ ಚೌಕಟ್ಟುಗಳು ಇರುತ್ತವೆ. ಅವುಗಳನ್ನು ಕಟ್ಟುವಾಗಲೇ ಒಂದು ಹಾಳೆಯಲ್ಲಿ ಸಾಮಗ್ರಿಯ ಬಿಲ್ಲು, ಕೂಲಿ, ಮಾಲೀಕನ ಗಂಟೆಗಳು, ಬಳಕೆ ಆರಂಭವಾದ ದಿನಾಂಕ ಇವನ್ನು ಬರೆದಿಡಬೇಕು. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ದೊರೆಯುವ ಶೇ. 15ರ ಸವಕಳಿಯು, ಆ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅರ್ಧಕ್ಕಿಳಿಯುವುದರಿಂದ ದಿನಾಂಕಕ್ಕೂ ಬೆಲೆಯಿದೆ. ಮೊತ್ತ ತೀರ ಅಲ್ಪವಾದರೆ ಅದೇ ವರ್ಷದ ಖರ್ಚೆಂದು ಬರೆಯಲು ಅಡ್ಡಿಯಿಲ್ಲ. ಬರೆಯದೇ ಇರುವುದಕ್ಕೆ ಮಾತ್ರ ಸಮರ್ಥನೆಯಿಲ್ಲ. ಯಂತ್ರ ಕಟ್ಟಲು ಎರಡು ದಿನ ಕೊಟ್ಟವನಿಗೆ ಅದರ ಲೆಕ್ಕ ಬರೆಯಲು ಅರ್ಧ ಗಂಟೆ ಹೊರೆಯಾಗಲಾರದು.