ಮಕ್ಕಳ ಕೈಹಿಡಿದು ಪೇಟೆಗೆ



ಕ್ರಿಸ್ಮಸ್ಸಿನ ಬಟ್ಟೆಬರೆಗೆಂದು ಗಡಹಿಂಗ್ಲಜ್, ಇಚಲಕರಂಜಿ ಕಡೆಯಿಂದ ನಾವು ಮಕ್ಕಳೊಡನೆ ಕೊಲ್ಹಾಪುರದ ಮಹಾದ್ವಾರ ರಸ್ತೆಗೆ ಹೋಗುವುದುಂಟು. ನಾವು ಚೌಕಾಶಿಯಲ್ಲಿ ಮೈಮರೆತಿರುವಾಗ ನಮ್ಮ ಸೊಂಟದೆತ್ತರದ ಮಗುವಿಗೆ ಕಾಣುವುದು ಜನರ ಕಾಲುಗಳು, ಕೈಚೀಲಗಳು ಮಾತ್ರ. ಅಲ್ಲಿ ಕೈ ತಪ್ಪಲು ಒಂದು ಕ್ಷಣ ಸಾಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಮಗು ತಪ್ಪಿಸಿಕೊಂಡರೆ, ಸುತ್ತಲಿನವರು ಪ್ರೀತಿಯಿಂದಲೇ ಕೇಳುವುದು, ‘ತುಝಂ ನಾವ್ ಕಾಯ್?’ ಎಂದು. ನಮ್ಮ ಮಗುವಿನ ಕಿವಿಗೆ ಅದು ‘ನಾವು’, ‘ಕಾಯಿ’ ಎಂದು ಕೇಳಿಸೀತು! ‘ನಿನ್ನ ಹೆಸರೇನು?’ ಎಂಬುದೇ ಅದರ ಅರ್ಥವೆಂದು ಮನೆಯಲ್ಲಿ ಆಟದಂತೆ ಕಲಿಸೋಣ. ‘ಅಪ್ಪ’, ‘ಅವ್ವ’ ಎಂದಷ್ಟೇ ಹೇಳಿದರೆ ಯಾರು ತಾನೇ ಹುಡುಕಿಯಾರು? ತಂದೆತಾಯಿಯ ಪೂರ್ಣ ಹೆಸರು, ಊರು ಬಾಯಿಪಾಠವಾಗಲಿ. ಮಾತು ಬಾರದ ಕೂಸಿನ ಜೇಬಿನಲ್ಲಿ ಮೊಬೈಲ್ ಸಂಖ್ಯೆಯ ಚೀಟಿ ಇರಲಿ. ಕೈ ತಪ್ಪಿದರೆ ಅಲೆದಾಡದೆ, ಎದುರಿನ ಅಂಗಡಿಯ ಗಲ್ಲೆಯಲ್ಲಿ ಕುಳಿತವರಿಗೆ ಹೇಳುವುದನ್ನೂ ರೂಢಿ ಮಾಡಿಸೋಣ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112 ದೊಡ್ಡವರ ನೆನಪಿನಲ್ಲಿರಲಿ.

ಬೈಕಿನವರಿಗೊಂದು ಮಾತು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಬಿಗಿದ ಸುರಕ್ಷಾ ಪಟ್ಟಿ, 40 ಕಿ.ಮೀ. ಮೀರದ ವೇಗ, ಇವು 2023ರ ಫೆಬ್ರವರಿಯಿಂದ ಕಾನೂನು. ಇಚಲಕರಂಜಿಯಲ್ಲಿ ಬಟ್ಟೆಯ ಗಂಟು ಹೇರಿಕೊಂಡು ನುಗ್ಗುವ ಟೆಂಪೋಗಳ ನಡುವೆ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದು ಬೇಡವೇ ಬೇಡ.

ಇನ್ನು, ಮೂರನೆಯ ಅಂಗಡಿಯಲ್ಲಿ ಮಗು ಅತ್ತರೆ ಅದು ಹಠವೆಂದು ಗದರಬೇಡಿ. ಹಸಿವೋ ನಿದ್ದೆಯೋ ಇದ್ದೀತು. ಚಪ್ಪಲಿಯನ್ನು ಇನ್ನೊಂದು ದಿನ ಕೊಂಡರಾಯಿತು.