ಧರ್ಮಕ್ಕೆ ಕೊಟ್ಟ ದಟ್ಟಿ

ನಮ್ಮ ಸಂಘದ ಗೋಷ್ಠಿಯೊಂದು ಮುಗಿದ ಬಳಿಕ, ಕಾಫಿಯ ಹೊತ್ತಿನಲ್ಲಿ, ಸರ್ಕಾರಿ ಆಸ್ಪತ್ರೆಗಳ ಮಾತು ಬಂದಿತು. ನಾನು ಗರ್ಭಿಣಿಯಾಗಿದ್ದಾಗ ಕಂಡ ಸಂಗತಿಯೊಂದನ್ನು ಹೇಳತೊಡಗಿದೆನಷ್ಟೆ, ಹಿರಿಯರೊಬ್ಬರು ನಕ್ಕು, “ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ. ಬಿಟ್ಟಿ ಬಂದದ್ದಕ್ಕೆ ಇಷ್ಟು ದೂರೇನಮ್ಮಾ?” ಎಂದರು. ಸುತ್ತಲಿದ್ದವರೂ ನಕ್ಕರು. ಹಿರಿಯರೆಂಬ ಗೌರವದಿಂದ ಅಂದು ನಾನು ಸುಮ್ಮನಾದೆನು. ಆದರೆ ಆ ಗಾದೆಯು ನನ್ನನ್ನು ಸುಮ್ಮನಿರಗೊಡಲಿಲ್ಲ. ಅಂದು ಬಾಯಿಗೆ ಬಾರದ ಉತ್ತರವನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ನಡೆದುದನ್ನು ಹೇಳುವೆನು. ನಾನು ಸೇರಿದ ಮನೆ ಬೂದಿಗೆರೆಯಲ್ಲಿದೆ. ಏಳನೆಯ ತಿಂಗಳಲ್ಲಿ, ನಮ್ಮಲ್ಲಿ ವಾಡಿಕೆಯಿರುವಂತೆ, ತವರಿಗೆ ಹೋಗಿದ್ದೆನು. ಅಲ್ಲಿಗೆ ಹತ್ತಿರದ ಸರ್ಕಾರಿ ಆರೋಗ್ಯಕೇಂದ್ರಕ್ಕೆ ತಿಂಗಳ 9ನೆಯ ತಾರೀಖು ತಪಾಸಣೆಗೆ ಹೋದೆನು. ಪ್ರತಿ ತಿಂಗಳು ಆ ದಿನ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸಬೇಕೆಂದು 2016ರಿಂದ ಏರ್ಪಾಡಾಗಿದೆ. ಬೆಳಗಿನಿಂದಲೇ ಸಾಲು ಬೆಳೆದಿತ್ತು. ಇದ್ದುದು ಒಂದೇ ಬೆಂಚು. ಹೊಟ್ಟೆ ಹೊತ್ತ ಹೆಂಗಸರು ಗೋಡೆಗೊರಗಿ ನಿಂತಿದ್ದರು. ನನ್ನ ಮುಂದೆ ದ್ರಾಕ್ಷಿತೋಟವೊಂದರಲ್ಲಿ ಕೂಲಿಗಿದ್ದ, ಉತ್ತರದ ಸೀಮೆಯಿಂದ ಬಂದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಆಕೆಯ ಪಾದಗಳು ಬಾತು, ಕಾಲುಂಗುರಗಳು ಬೆರಳಿನಲ್ಲಿ ಹೂತುಹೋಗಿದ್ದುವು. ಎರಡು ದಿನದಿಂದ ತಲೆನೋವೆಂದು ಹೇಳಿದಳು.

ಆಕೆಯ ಸರದಿ ಬಂದಿತು. ದಾದಿಯು ತಾಯಿ ಕಾರ್ಡನ್ನು ತೆಗೆದುಕೊಂಡು, ರಕ್ತದ ಒತ್ತಡದ ಮನೆಯಲ್ಲಿ 110/70 ಎಂದು ಬರೆದು ಹಿಂದಿರುಗಿಸಿದಳು. ತೋಳಿಗೆ ಪಟ್ಟಿ ಕಟ್ಟಲಿಲ್ಲ. ಬಳಿಕ ನನ್ನ ಕಾರ್ಡಿನಲ್ಲಿಯೂ ಬರೆದಳು: 110/70. “ಅಳೆಯಲೇ ಇಲ್ಲವಲ್ಲ, ಸಿಸ್ಟರ್?” ಎಂದೆ. “ಮಿಷನ್ನಿನ ಬ್ಯಾಟರಿ ಹೋಗಿದೆಯಮ್ಮಾ. ಹೋದ ತಿಂಗಳು ಸರಿಯಾಗಿಯೇ ಇತ್ತಲ್ಲ” ಎಂದು ಉತ್ತರ ಬಂದಿತು.

ನಾನು ಎರಡಕ್ಷರ ಓದಿದವಳಾದುದರಿಂದ ಹಟ ಹಿಡಿದೆನು. ಬೀರುವಿನಿಂದ ಕೈಯಲ್ಲಿ ಒತ್ತುವ ಹಳೆಯ ಉಪಕರಣವು ಹೊರಬಂದಿತು. ನನ್ನ ಒತ್ತಡ ಸರಿಯಾಗಿಯೇ ಇತ್ತು. ಆ ಹೆಣ್ಣುಮಗಳದು 150/100! ಮೂತ್ರವನ್ನು ಪರೀಕ್ಷಿಸಲಾಗಿ ಆಲ್ಬುಮಿನ್ ಕಾಣಿಸಿತು. ವೈದ್ಯರು ಕೂಡಲೇ 108ರ ವಾಹನವನ್ನು ಕರೆಸಿ ಆಕೆಯನ್ನು ನಗರದ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ತಾಯಿಯೂ ಮಗುವೂ ಬದುಕಿಕೊಂಡರೆಂದು ಆಮೇಲೆ ನಮ್ಮೂರ ಆಶಾ ಕಾರ್ಯಕರ್ತೆಯಿಂದ ತಿಳಿಯಿತು.

ಇದರಲ್ಲಿ ಸಂತೋಷಪಡತಕ್ಕದ್ದೇನಿದೆ? ಆ ಬೆಳಗ್ಗೆ ನನ್ನ ಸರದಿಯು ಆಕೆಯ ಹಿಂದೆಯೇ ಇರದೆ ಹತ್ತು ಜನರ ಆಚೆ ಇದ್ದಿದ್ದರೆ ಆಕೆಯು 110/70 ಎಂಬ ಅಕ್ಷರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತೋಟಕ್ಕೆ ಮರಳುತ್ತಿದ್ದಳು. ಗರ್ಭನಂಜಿನ ಸ್ವಭಾವವೇ ಅಂಥದು. ಒತ್ತಡವು 140/90ನ್ನು ಮುಟ್ಟಿದಾಗಲೂ ಹೆಂಗಸಿಗೆ ಏನೂ ತಿಳಿಯದೆ ಇರಬಹುದು. ಕಾಲು ಬಾತರೆ ಬಸುರಿನಲ್ಲಿ ಸಹಜವೆನ್ನುತ್ತಾರೆ. ಕಣ್ಣು ಮಂಜಾದರೆ ನಿಶ್ಶಕ್ತಿಯೆನ್ನುತ್ತಾರೆ. ಸೆಳವು ಬಂದಾಗಲೇ ಮನೆಯವರು ಎಚ್ಚರುವುದು. ಇದನ್ನು ಮೊದಲೇ ಹಿಡಿಯತಕ್ಕ ಉಪಾಯವು ಅಳತೆಯೊಂದೇ. ತೂಕ, ಒತ್ತಡ, ರಕ್ತದ ಹಿಮೋಗ್ಲೋಬಿನ್, ಮೂತ್ರ, ಮಗುವಿನ ಎದೆಬಡಿತ: ಇವನ್ನು ತಿಂಗಳು ತಿಂಗಳು ಅಳೆದು ಹೋಲಿಸುವುದೇ ಗರ್ಭಿಣಿಯ ತಪಾಸಣೆಯೆಂಬುದರ ಸಾರ. ಅಳೆಯದೆ ಬರೆದ ಅಂಕಿಯು, ಬರೆಯದ ಅಂಕಿಗಿಂತ ಕೇಡು. ಏಕೆಂದರೆ ಅದು ಮುಂದೆ ನೋಡುವ ವೈದ್ಯರನ್ನೂ ಮೋಸಗೊಳಿಸುತ್ತದೆ.

ಇನ್ನು ಆ ಗಾದೆಯ ವಿಚಾರ. ಸರ್ಕಾರಿ ಆಸ್ಪತ್ರೆಯು ಧರ್ಮಕ್ಕೆ ಕೊಟ್ಟ ದಟ್ಟಿಯೆಂಬುದೇ ಮೊದಲ ತಪ್ಪು. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ತೆರುತ್ತಾಳೆ. ನಮ್ಮ ನಾಡಿನಲ್ಲಿ ತಾಯಂದಿರ ಆರೋಗ್ಯವನ್ನು ರಾಜ್ಯದ ಹೊಣೆಯೆಂದು ಒಪ್ಪಿಕೊಂಡುದೂ ನಿನ್ನೆ ಮೊನ್ನೆಯ ಮಾತಲ್ಲ. 1930ರಲ್ಲಿ ಮೈಸೂರು ಸರ್ಕಾರವು ಸಂತಾನನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದು ಲೋಕಕ್ಕೇ ದಾರಿ ತೋರಿಸಿತು. 1935ರಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯು ನಿಂತಿತು. 1946ರಲ್ಲಿ ಭೋರ್ ಸಮಿತಿಯು, ಹಣವಿಲ್ಲವೆಂಬ ಕಾರಣದಿಂದ ಯಾರೊಬ್ಬರೂ ಚಿಕಿತ್ಸೆಯನ್ನು ಕಳೆದುಕೊಳ್ಳಬಾರದೆಂಬ ತತ್ತ್ವವನ್ನು ಇಡೀ ದೇಶದ ಮುಂದಿಟ್ಟಿತು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ತಪಾಸಣೆ, ಔಷಧ, ಹೆರಿಗೆ, ವಾಹನಗಳನ್ನು ಬೆಲೆಯಿಲ್ಲದೆ ಪಡೆಯುವುದು ಗರ್ಭಿಣಿಯ ಹಕ್ಕು. ಹಕ್ಕನ್ನು ದಾನವೆಂದು ಕರೆದೊಡನೆ ಕೊಡುವವನಿಗೆ ಅಹಂಕಾರವೂ ಪಡೆಯುವವಳಿಗೆ ಅಂಜಿಕೆಯೂ ಹುಟ್ಟುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಆಗ ನಿಜವಾಗುತ್ತದೆ.

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದುದನ್ನು ನಾವು ಇಷ್ಟು ಬೇಗ ಮರೆತೆವೆ? ಆಧಾರ್ ಚೀಟಿಯೂ ತಾಯಿ ಕಾರ್ಡೂ ಇಲ್ಲವೆಂದು ಬಡ ಗರ್ಭಿಣಿಯೊಬ್ಬಳನ್ನು ಜಿಲ್ಲಾ ಆಸ್ಪತ್ರೆಯಿಂದ ಹಿಂದಕ್ಕೆ ಕಳುಹಿಸಿದರು. ಮನೆಯಲ್ಲಿ ಅವಳಿಮಕ್ಕಳನ್ನು ಹೆತ್ತು ಆಕೆ ಸತ್ತಳು, ಮಕ್ಕಳೂ ಉಳಿಯಲಿಲ್ಲ. ವೈದ್ಯೆಯನ್ನೂ ದಾದಿಯರನ್ನೂ ಅಮಾನತಿನಲ್ಲಿಟ್ಟರು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಐವರು ಬಾಣಂತಿಯರು ತೀರಿಕೊಂಡರು. ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯವುಂಟಾಯಿತು. ಒಂದೆಡೆ ಕಾಗದವನ್ನು ಕೇಳಿದರು, ಹೆಂಗಸನ್ನು ನೋಡಲಿಲ್ಲ. ಇನ್ನೊಂದೆಡೆ, ಕೊಡುವುದಕ್ಕೆ ಮುಂಚೆ ಇತ್ಯರ್ಥವಾಗಬೇಕಾದ ಔಷಧದ ಗುಣದ ಪ್ರಶ್ನೆಯು ಹೆಣಗಳ ಮುಂದೆ ಎದ್ದಿತು. ಇವರೂ ಮೊಳ ಹಾಕಬಾರದಾಗಿತ್ತೆ?

ಹಳ್ಳಿಯ ಹೆಂಗಸರ ಅಜ್ಞಾನವೇ ಎಲ್ಲಕ್ಕೂ ಕಾರಣವೆನ್ನುವವರುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಹೆಂಗಸರು ಬಾಗಿಲಿಗೆ ಬಂದಿದ್ದಾರೆ. ಒಳಗೆ ಅವರಿಗೆ ಸಿಕ್ಕುವುದೇನು? ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ ಸುಮಾರು 45 ಮಂದಿ ರಕ್ತಹೀನರು. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ, ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ಕೇರಳದಲ್ಲಿ 19. ನೆರೆಯವರಿಗೆ ಸಾಧ್ಯವಾದುದು ನಮಗೆ ಏಕೆ ಅಸಾಧ್ಯ?

ಆ ದಾದಿಯ ಮೇಲೆ ನನಗೆ ದ್ವೇಷವಿಲ್ಲ. ಮೂವರು ಮಾಡತಕ್ಕ ಕೆಲಸವನ್ನು ಆಕೆ ಒಬ್ಬಳೇ ಮಾಡುತ್ತಿದ್ದಳು. ದಪ್ತರಗಳನ್ನು ತುಂಬಿಸಿ, ಅವನ್ನೇ ಮತ್ತೆ ಗಣಕಯಂತ್ರಕ್ಕೂ ಏರಿಸಬೇಕಾಗಿತ್ತು. ಮೇಲಿನವರು ಕೇಳುವುದು ಮನೆ ತುಂಬಿದೆಯೇ ಎಂಬುದನ್ನು. ಅಳೆದು ತುಂಬಿದೆಯೇ ಎಂಬುದನ್ನಲ್ಲ. ಆದುದರಿಂದ ಆಕೆ ತುಂಬಿದಳು. ಇಷ್ಟಾದರೂ ಹೇಳಲೇಬೇಕು: ಬೂದಿಗೆರೆಯ ನೆತ್ತಿಯ ಮೇಲೆ ದೇವನಹಳ್ಳಿಯ ವಿಮಾನಗಳು ಹಗಲಿರುಳೂ ಹಾರಾಡುವ ಈ ಜಿಲ್ಲೆಯಲ್ಲಿ, ಗರ್ಭಿಣಿಯ ತೋಳಿನ ಪಟ್ಟಿಗೆ ನಾಲ್ಕು ಬ್ಯಾಟರಿ ಸಿಕ್ಕದೆಂಬುದು ಬಡತನದ ಮಾತಲ್ಲ, ಅಲಕ್ಷ್ಯದ ಮಾತು.

ಈ ಅಲಕ್ಷ್ಯದಲ್ಲಿ ನಮ್ಮ ಪಾಲೂ ಉಂಟು. ಈ ಪತ್ರಿಕೆಯನ್ನು ತರಿಸುವ ಮನೆಗಳವರು ಹೆಣ್ಣುಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೇವೆ? ನಗರದ ಖಾಸಗಿ ಆಸ್ಪತ್ರೆಗೆ. ಕೇಳಬಲ್ಲವರೆಲ್ಲರೂ ಬಿಟ್ಟುಹೋದ ಕಡೆ ಕೇಳಲಾರದವರು ಮಾತ್ರ ಉಳಿಯುತ್ತಾರೆ. ಕೇಳುವವರಿಲ್ಲದ ಕಡೆ ಅಳೆಯುವವರೂ ಇಲ್ಲದಾಗುತ್ತಾರೆ. ಹೆರಿಗೆಯನ್ನು ಎಲ್ಲಿಯಾದರೂ ಮಾಡಿಸಲಿ. ತಿಂಗಳ ತಪಾಸಣೆಗಾದರೂ ನಮ್ಮ ಮಗಳು ಸೊಸೆಯರು ಊರಿನ ಆರೋಗ್ಯಕೇಂದ್ರದ ಸಾಲಿನಲ್ಲಿ ನಿಲ್ಲಲಿ. ಪಟ್ಟಿ ಕಟ್ಟಿಸಿಕೊಳ್ಳದೆ ಅಂಕಿ ಬರೆಯಿಸಿಕೊಳ್ಳದಿರಲಿ. ಬರೆದ ಅಂಕಿಯನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಪಕ್ಕದವಳಿಗೂ ಅದರ ಅರ್ಥವನ್ನು ಹೇಳಲಿ. ನಮ್ಮ ಗಂಡಸರು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಬ್ಯಾಟರಿಯ ಲೆಕ್ಕವನ್ನೂ ಖಾಲಿಯಿರುವ ಹುದ್ದೆಗಳ ಲೆಕ್ಕವನ್ನೂ ಕೇಳಲಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಗಾದೆ ಹೇಳಿದ ಹಿರಿಯರಲ್ಲಿ ನನ್ನ ಕಡೆಯ ಅರಿಕೆಯಿಷ್ಟೆ. ದಟ್ಟಿಯು ನಮ್ಮದೇ ನೂಲಿನದು, ಸ್ವಾಮಿ. ಮೊಳ ಹಾಕಿದುದರಿಂದ ಒಂದು ಜೀವವಲ್ಲ, ಎರಡು ಜೀವ ಉಳಿದುವು. ಇನ್ನು ಮೇಲೂ ಮೊಳ ಹಾಕುವೆವು. ಹಿತ್ತಿಲಿನಲ್ಲಿ ಅಲ್ಲ, ಹೆಬ್ಬಾಗಿಲಿನಲ್ಲಿಯೇ.