ಹದಿನೇಳಡಿಯ ನಾವೆಗಳು

ಕುದುರೆಯ ಜೂಜಿನಲ್ಲಿ ಗೆದ್ದದ್ದು ಕುದುರೆಯೋ ಸವಾರನೋ ಎಂಬ ತರ್ಕ ಎಂದಿಗೂ ಮುಗಿಯುವಂಥದಲ್ಲ. ಹಾಯಿದೋಣಿಯ ಪಂದ್ಯದಲ್ಲಿ ಈ ತರ್ಕ ಇನ್ನೂ ತೊಡಕಿನದು. ಕುದುರೆಯನ್ನು ದೇವರು ಸೃಷ್ಟಿಸಬೇಕು. ದೋಣಿಯನ್ನಾದರೋ ಹಣವುಳ್ಳವನು ತನಗೆ ಬೇಕಾದಂತೆ ಕಟ್ಟಿಸಿಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಐರ್ಲೆಂಡುಗಳಲ್ಲಿ ನಡೆದದ್ದೂ ಅದೇ. ಈ ವರ್ಷ ಒಬ್ಬ ಶ್ರೀಮಂತ ಹೊಸ ನಾವೆಯನ್ನಿಳಿಸಿ ಬಹುಮಾನಗಳನ್ನೆಲ್ಲ ಬಾಚಿಕೊಂಡರೆ, ಮುಂದಿನ ವರ್ಷ ಇನ್ನೊಬ್ಬ ಅದಕ್ಕಿಂತ ಚುರುಕಾದುದನ್ನು ಕಟ್ಟಿಸುತ್ತಿದ್ದ. ನಿನ್ನೆಯ ವಿಜಯಿ ಇಂದಿಗೆ ಹಳೆಯ ಸಾಮಾನು. ದೊಡ್ಡ ದೋಣಿ ಸಣ್ಣ ದೋಣಿಗಳಿಗೆ ಸಮಯದ ರಿಯಾಯಿತಿ ಕೊಟ್ಟು ಸಮಮಾಡುವ ಲೆಕ್ಕಾಚಾರಗಳು ಇದ್ದುವು, ನಿಜ. ಆದರೆ ಲೆಕ್ಕಾಚಾರವಿದ್ದಲ್ಲಿ ಅದನ್ನು ಮೀರಿಸುವ ಜಾಣ್ಮೆಯೂ ಹುಟ್ಟಿಕೊಳ್ಳುತ್ತದೆ.

ಇದಕ್ಕೊಂದು ಸರಳ ಪರಿಹಾರ ಹೊಳೆದದ್ದು ಡಬ್ಲಿನ್ ನಗರದ ಆಸುಪಾಸಿನ ಕಡಲತಡಿಯವರಿಗೆ. ಎಲ್ಲರೂ ಒಂದೇ ನಕ್ಷೆಯ ದೋಣಿಯನ್ನು ಇಟ್ಟುಕೊಂಡರೆ ಆಯಿತಲ್ಲ! ಥಾಮಸ್ ಮಿಡಲ್ಟನ್ ಎಂಬವರ ಸೂಚನೆಯಂತೆ 1887ರಲ್ಲಿ 'ವಾಟರ್ ವ್ಯಾಗ್' ಎಂಬ ಪುಟ್ಟ ದೋಣಿಗಳ ಗುಂಪು ಹುಟ್ಟಿತು. ಅವು ದಡದ ಮೇಲಕ್ಕೆ ಎಳೆದಿಡಬಹುದಾದ ಹಗುರ ದೋಣಿಗಳು. ಅದೇ ವಿಚಾರವನ್ನು ಹತ್ತು ವರ್ಷಗಳ ತರುವಾಯ ಇನ್ನಷ್ಟು ಗಟ್ಟಿಯಾದ ನಾವೆಗೆ ಅಳವಡಿಸಿದವರು ಡಬ್ಲಿನ್ನಿನ ಉತ್ತರಕ್ಕಿರುವ ಹೋತ್ ಎಂಬ ಊರಿನವರು. ಕನ್ನಡದ ಹೋತಕ್ಕೂ ಈ ಹೆಸರಿಗೂ ಯಾವ ನಂಟೂ ಇಲ್ಲ. 'ತಲೆ' ಎಂಬರ್ಥದ ಹಳೆಯ ನಾರ್ಸ್ ಶಬ್ದದಿಂದ ಅದು ಬಂದಿದೆ. ಸಮುದ್ರದೊಳಕ್ಕೆ ತಲೆ ಚಾಚಿದ ಗುಡ್ಡ, ಅದರ ಬುಡದಲ್ಲೊಂದು ಬಂದರು. ಟಪಾಲು ಹಡಗುಗಳಿಗೆಂದು ಕಟ್ಟಿದ ಆ ಬಂದರಿನಲ್ಲಿ 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಬಂದಿಳಿದ. ಅವನ ಹೆಜ್ಜೆಗುರುತನ್ನು ಕಲ್ಲಿನಲ್ಲಿ ಕೆತ್ತಿಯೂ ಇಟ್ಟಿದ್ದಾರೆ. ಆದರೆ ಬಂದರು ಹೂಳಿನಿಂದ ತುಂಬುತ್ತ ಬಂದು, ಟಪಾಲು ಹಡಗುಗಳು ಬೇರೆ ದಾರಿ ಹಿಡಿದುವು. ಉಳಿದವರು ಮೀನುಗಾರರು ಮತ್ತು ಸಣ್ಣ ದೋಣಿಗಳವರು.

1895ರಲ್ಲಿ ಅಲ್ಲಿ ಹಾಯಿದೋಣಿಯ ಕ್ಲಬ್ಬು ಏರ್ಪಟ್ಟಿತು. ಹರ್ಬರ್ಟ್ ಬಾಯ್ಡ್ ಎಂಬ ಸದಸ್ಯರು 1897ರಲ್ಲಿ ನಕ್ಷೆ ಬರೆದರು. ಐದು ದೋಣಿಗಳನ್ನು ಉತ್ತರದ ಕ್ಯಾರಿಕ್‌ಫರ್ಗಸ್ ಪಟ್ಟಣದ ಜಾನ್ ಹಿಲ್ಡಿಚ್ ಎಂಬ ಕುಶಲಕರ್ಮಿ ಕಟ್ಟಿದ. 1898ರ ಏಪ್ರಿಲ್‌ನಲ್ಲಿ ಅವುಗಳ ಒಡೆಯರು ತಾವೇ ಸುಮಾರು ತೊಂಬತ್ತು ಮೈಲಿ ಕಡಲಿನಲ್ಲಿ ಹಾಯಿಸಿಕೊಂಡು ಊರಿಗೆ ತಂದರು; ಮೇ 4ರಂದು ಮೊದಲ ಪಂದ್ಯ ನಡೆಯಿತು. ರೀಟಾ, ಲೈಲಾ, ಆರಾ, ಹೀರಾ, ಸಿಲ್ವರ್ ಮೂನ್ – ಇವು ಆ ಐವರು ಅಕ್ಕತಂಗಿಯರ ಹೆಸರುಗಳು. ಮುಂದೆ ಇನ್ನಷ್ಟು ತಂಗಿಯರು ಸೇರಿಕೊಂಡರು.

ದೋಣಿಯ ಒಟ್ಟು ಉದ್ದ ಇಪ್ಪತ್ತೆರಡೂವರೆ ಅಡಿ. ನೀರನ್ನು ಮುಟ್ಟುವ ಭಾಗ ಮಾತ್ರ ಹದಿನೇಳಡಿ. ಆದುದರಿಂದಲೇ 'ಹೋತ್ ಸೆವೆಂಟೀನ್' ಎಂಬ ಹೆಸರು. ದೋಣಿಯ ಅಡಿಯಲ್ಲಿ ಭಾರವಾದೊಂದು ದಿಂಡು ನೀರೊಳಗೆ ಇಳಿಬಿದ್ದಿರುತ್ತದೆ. ಅದಕ್ಕೆ ಕೀಲ್ ಎನ್ನುತ್ತಾರೆ. ತಂಜಾವೂರಿನ ಬೊಂಬೆಯನ್ನು ಎಷ್ಟು ಸಲ ಬಾಗಿಸಿದರೂ ಅದು ನೆಟ್ಟಗೆ ನಿಲ್ಲುವುದನ್ನು ಮಕ್ಕಳೆಲ್ಲ ಬಲ್ಲರು. ಕೀಲ್ ಮಾಡುವ ಕೆಲಸವೂ ಅದೇ. ಗಾಳಿ ಮಗ್ಗುಲಿಗೆ ಕೆಡವಲು ನೋಡಿದಷ್ಟೂ ಅಡಿಯ ಭಾರ ಎತ್ತಿ ನಿಲ್ಲಿಸಲು ಹವಣಿಸುತ್ತದೆ. ಅಲ್ಲದೆ ದೋಣಿ ಪಕ್ಕಕ್ಕೆ ಜಾರದಂತೆ ನೀರನ್ನು ಹಿಡಿದುಕೊಳ್ಳುತ್ತದೆ. ಇಲ್ಲವಾದರೆ ಗಾಳಿಗೆದುರಾಗಿ ಸಾಗುವ ಮಾತೇ ಇಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹಗುರ ದೋಣಿ ಮಗುಚಿದರೆ ತೇಲುತ್ತದೆ. ಕೀಲ್ ಇರುವ ತೆರೆದ ದೋಣಿಗೆ ನೀರು ತುಂಬಿದರೆ ಅದು ತಳಕ್ಕೇ ಹೋದೀತು.

ಮೇಲ್ಗಡೆ ನಾಲ್ಕು ಮೂಲೆಯ ದೊಡ್ಡ ಹಾಯಿ, ಮುಂದೊಂದು ಚಿಕ್ಕ ಹಾಯಿ. ಗಾಳಿ ಹದವಾಗಿದ್ದರೆ ಇವೆಲ್ಲಕ್ಕೂ ಮೇಲೆ ತೆಳುವಾದ ಕೋಲುಗಳಿಗೆ ಬಿಗಿದ ಇನ್ನೊಂದು ಶಿಖರದ ಹಾಯಿ. ಇಂಜಿನ್ನಿನ ಸುದ್ದಿಯಿಲ್ಲ. ಹತ್ತಿಯ ಬಟ್ಟೆಗೆ ಬದಲಾಗಿ ಕೃತಕ ನೂಲಿನ ಬಟ್ಟೆ ಬಂದಿದೆಯೇ ಹೊರತು ಆಕಾರದಲ್ಲಿ ಬದಲಾವಣೆಯಿಲ್ಲ. ಅಂದ ಚೆಂದವನ್ನು ಮೆಚ್ಚುವವರು ದಡದಲ್ಲಿ ನಿಂತು ನೋಡಿದರೆ ಸಾಕು. ಆದರೆ ದೋಣಿಯೊಳಗಿನ ಮೂವರಿಗೆ ಅಂದ ನೋಡಲು ವೇಳೆಯೆಲ್ಲಿ?

ಪಂದ್ಯ ನಡೆಯುವುದು ಬೇಸಗೆಯಲ್ಲಿ, ಮಂಗಳವಾರದ ಸಂಜೆಗಳಲ್ಲಿ ಮತ್ತು ಶನಿವಾರಗಳಲ್ಲಿ. ಆ ದೇಶದಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಕಚೇರಿ ಮುಗಿಸಿ ಬಂದವರಿಗೂ ಬೇಕಾದಷ್ಟು ಬೆಳಕು ಉಳಿದಿರುತ್ತದೆ. ಹಾಯಿದೋಣಿಗಳನ್ನು ಓಟಗಾರರಂತೆ ಗೆರೆಯ ಮೇಲೆ ನಿಲ್ಲಿಸುವುದು ಸಾಧ್ಯವಿಲ್ಲ; ನೀರು, ಗಾಳಿ ಎರಡೂ ನಿಲ್ಲಗೊಡವು. ಆದುದರಿಂದ ಐದು ನಿಮಿಷ ಮೊದಲೇ ಎಚ್ಚರಿಕೆಯ ಬಾವುಟ ಏರುತ್ತದೆ, ನಾಲ್ಕು ನಿಮಿಷವಿರುವಾಗ ಇನ್ನೊಂದು. ಒಂದು ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ. ಅಲ್ಲಿಯವರೆಗೆ ಎಲ್ಲ ದೋಣಿಗಳೂ ಗೆರೆಯ ಹಿಂದೆ ಸುತ್ತುತ್ತ, ತಪ್ಪಿಸಿಕೊಳ್ಳುತ್ತ, ಒಂದರ ಗಾಳಿಯನ್ನೊಂದು ಕದಿಯುತ್ತ, ಗಡಿಯಾರ ನೋಡುತ್ತಿರುತ್ತವೆ. ಸರಿಯಾದ ಕ್ಷಣಕ್ಕೆ ಪೂರ್ಣ ವೇಗದಲ್ಲಿ ಗೆರೆ ದಾಟಿದವನು ಜಾಣ. ಒಂದು ಕ್ಷಣ ಮೊದಲು ದಾಟಿದವನು ಹಿಂತಿರುಗಿ ಬರಬೇಕು.

ಮುಂದಿನದು ಗಾಳಿಗೆದುರಾದ ಪಯಣ. ನೇರವಾಗಿ ಹೋಗುವಂತಿಲ್ಲ; ಘಾಟಿಯ ರಸ್ತೆಯಂತೆ ಓರೆಯಾಗಿ ಅತ್ತ ಒಮ್ಮೆ ಇತ್ತ ಒಮ್ಮೆ ಏರಬೇಕು. ಯಾವಾಗ ತಿರುಗಬೇಕು? ಬಂದರಿಗೆ ಎದುರಾಗಿರುವ ಐರ್ಲೆಂಡ್ಸ್ ಐ ಎಂಬ ಬಂಡೆಯ ದ್ವೀಪದ ಕಡೆಗೆ ಹೋಗಬೇಕೋ, ದಡವನ್ನೇ ಹಿಡಿಯಬೇಕೋ? ಅಲ್ಲಿ ಉಬ್ಬರವಿಳಿತದ ಸೆಳೆತ ಹೇಗಿದೆ? ದೋಣಿಗಳೆಲ್ಲ ಒಂದೇ ಅಚ್ಚಿನವಾದುದರಿಂದ ಸೋತವನು ದೋಣಿಯನ್ನು ದೂರುವಂತಿಲ್ಲ. ಮೈಲಿಗಳ ತರುವಾಯವೂ ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ದೋಣಿಯುದ್ದ ಅಂತರವಿರುವುದು ಅಪರೂಪವಲ್ಲ.

ಈ ಆಟದಲ್ಲಿ ಸೀಟಿ ಊದುವ ರೆಫರಿಯಿಲ್ಲ ಎಂಬುದು ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ. ಬಲಮಗ್ಗುಲಿನಿಂದ ಗಾಳಿ ಪಡೆಯುವ ದೋಣಿಗೆ ದಾರಿಯ ಹಕ್ಕು, 'ಸ್ಟಾರ್‌ಬೋರ್ಡ್!' ಎಂಬ ಕೂಗು ಕೇಳಿಸಿದೊಡನೆ ಎದುರಿನವನು ಸರಿಯಬೇಕು. ಸರಿಯದೆ ತಪ್ಪು ಮಾಡಿದವನು ಯಾರೂ ಹೇಳಿಸದೆ ತಾನೇ ದೂರ ಸರಿದು ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೆರಬೇಕು. ಅಷ್ಟರಲ್ಲಿ ನಾಲ್ಕಾರು ದೋಣಿಗಳು ಮುಂದೆ ಹೋಗಿರುತ್ತವೆ. ಒಪ್ಪದವನ ಮೇಲೆ ದಡದಲ್ಲಿ ದೂರು ಕೊಟ್ಟು ವಿಚಾರಣೆ ನಡೆಸಬಹುದು. ಆದರೆ ವರ್ಷವೆಲ್ಲ ಮುಖ ನೋಡಬೇಕಾದ ಸಣ್ಣ ಊರಿನಲ್ಲಿ ಎರಡು ಸುತ್ತು ಹಾಕುವುದೇ ಅಗ್ಗ.

ಇಷ್ಟು ಹಳೆಯ ಮರದ ದೋಣಿಗಳು ಉಳಿದುಬಂದದ್ದು ಹಣದ ಬಲದಿಂದಲ್ಲ. ಅಜ್ಜ ಚುಕ್ಕಾಣಿ ಹಿಡಿದ ದೋಣಿಯಲ್ಲಿ ಮೊಮ್ಮಗಳು ಹಗ್ಗ ಹಿಡಿಯುವುದು ಅಲ್ಲಿ ಸಾಮಾನ್ಯ. ಇಬ್ಬರು ಮೂವರು ಪಾಲುದಾರರಾಗಿ ಒಂದು ದೋಣಿಯನ್ನು ಸಾಕುವುದೂ ಉಂಟು. ಚಳಿಗಾಲದಲ್ಲಿ ಬಣ್ಣ ಕೆರೆಯುವುದು, ಸೀಳು ಮುಚ್ಚುವುದು, ಕೊಳೆತ ಹಲಗೆ ಬದಲಿಸುವುದು – ವೀಣೆಗೆ ಮೇಣ ಮೆಟ್ಟಿಲು ಸರಿಮಾಡಿಸಿದಂತೆ ಇದೂ ತಪ್ಪದ ವಾರ್ಷಿಕ ಸೇವೆ.

ಆ ಚಳಿಗಾಲದ ಆಶ್ರಯವೇ ಒಮ್ಮೆ ಮುಳುವಾಯಿತು. 2018ರ ಮಾರ್ಚ್ ಮೊದಲಲ್ಲಿ 'ಎಮ್ಮಾ' ಎಂಬ ಹಿಮದ ಬಿರುಗಾಳಿ ಪೂರ್ವದಿಕ್ಕಿನಿಂದ ಐರ್ಲೆಂಡಿಗೆ ಅಪ್ಪಳಿಸಿತು. ಬಂದರಿನ ಪೂರ್ವದ ಕಟ್ಟೆಯ ಮೇಲಿನ ಕೊಟ್ಟಿಗೆಯೊಳಗೆ ಏಳು ದೋಣಿಗಳು ನೆಮ್ಮದಿಯಿಂದ ಮಲಗಿದ್ದುವು. ನೂರಿಪ್ಪತ್ತು ವರ್ಷ ಕಡಲು ಮಾಡದ ಕೆಲಸವನ್ನು ಆ ಕೊಟ್ಟಿಗೆಯ ಕುಸಿತ ಮಾಡಿತು. ಕೆಲವು ದೋಣಿಗಳ ಹಲಗೆಗಳು ಮುರಿದು ಪಕ್ಕೆಲುಬು ಕಾಣುವಂತಾಗಿತ್ತು.

ಮರದ ಕಾಲ ಮುಗಿಯಿತು, ಫೈಬರ್‌ಗ್ಲಾಸಿನ ಹೊಸ ದೋಣಿ ಕೊಳ್ಳುವುದೇ ವಿವೇಕ ಎಂದು ಹೇಳುವುದು ಸುಲಭವಿತ್ತು. ಲೆಕ್ಕದ ಪುಸ್ತಕವೂ ಬಹುಶಃ ಅದನ್ನೇ ಹೇಳಿತು. ಆದರೆ ಒಂದೇ ನಕ್ಷೆಯ ದೋಣಿಗಳ ಗುಂಪು ಒಡೆಯುವುದು ಒಬ್ಬರು ಬೇರೆ ದೋಣಿ ಕೊಂಡಾಗಲೇ. ಪಂದ್ಯಕ್ಕೆ ಬೇಕಾದುದು ದೋಣಿಯಲ್ಲ, ಜೊತೆಯ ದೋಣಿ. ಉಳಿದವು ಆ ಬೇಸಗೆಯಲ್ಲೂ ನೀರಿಗಿಳಿದುವು. ಮುರಿದವು ಒಂದೊಂದಾಗಿ ಬಡಗಿಗಳ ಮನೆ ಸೇರಿದುವು. ಅನೀಟಾ ಎಂಬುದು ಕಡಲು ದಾಟಿ ಫ್ರಾನ್ಸಿನ ದುವಾರ್ನನೇ ಊರಿಗೆ ಹೋಯಿತು. ಮರದ ದೋಣಿ ಕಟ್ಟುವ ವಿದ್ಯೆಯನ್ನು ಕಲಿಸುವ ಶಾಲೆಯೊಂದು ಅಲ್ಲಿದೆ. ಹಳೆಯ ನಕ್ಷೆಗೆ ಅಂಗುಲ ತಪ್ಪದಂತೆ ಅಲ್ಲಿ ಅದನ್ನು ಮತ್ತೆ ಕಟ್ಟಿದರು.

ಬಹುಪಾಲು ಹೊಸ ಮರದಿಂದ ಎದ್ದು ಬಂದದ್ದು ಹಳೆಯ ಅನೀಟಾಳೇ ಹೌದೇ ಎಂದು ಪಂಡಿತರು ಚರ್ಚಿಸಬಹುದು. ಪಂದ್ಯದ ಪಟ್ಟಿಯಲ್ಲಿ ಅವಳ ಹೆಸರು ಮೊದಲಿನಂತೆಯೇ ಇದೆ. ಹಿಂದೆ ಬಿದ್ದಾಗ ಅವಳಿಗೆ ಯಾರೂ ರಿಯಾಯಿತಿ ತೋರಿಸಿ ದಾರಿ ಬಿಡುವುದಿಲ್ಲ.